ಶಾಲೆಯ ಹಳೇ ಬಿಬಿಸಿ ಮೈಕ್ರೋ ಮತ್ತೆ ಓಡೀತೆ?

ಪ್ರಶ್ನೆ: ನಮ್ಮ ಶಾಲೆಯ ಉಗ್ರಾಣದಲ್ಲಿ ಬಿಬಿಸಿ ಮೈಕ್ರೋ ಎಂಬ ಹಳೇ ಕಂಪ್ಯೂಟರ್ ಸಿಕ್ಕಿದೆ. ಸ್ವಿಚ್ ಹಾಕಬಹುದೇ? (ಚನ್ನಪಟ್ಟಣದ ಓದುಗರು)

ಉತ್ತರ: ದಯವಿಟ್ಟು ಈಗಲೇ ಬೇಡ. 1984ರ ‘ಕ್ಲಾಸ್’ ಎಂಬ ಕಂಪ್ಯೂಟರ್ ಕಲಿಕೆಯ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಇಷ್ಟು ವರ್ಷಗಳಲ್ಲಿ ಅದರ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಹಳತಾದಂತೆ ಬಿರುಕುಬಿಟ್ಟು ತೇವ ಹೀರಿರುತ್ತದೆ. ಕರೆಂಟು ಕೊಟ್ಟರೆ ದಟ್ಟ ಹೊಗೆ. ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ಚಾರ್ಜ್ ಉಳಿಯುವುದರಿಂದ, ಟಿವಿ ರಿಪೇರಿ ಬಲ್ಲವರಿಂದಲೇ ಆ ಕೆಪಾಸಿಟರನ್ನು ಬದಲಾಯಿಸಿಕೊಳ್ಳಿ. ಹೊಸದು ‘ಎಕ್ಸ್2’ ಸುರಕ್ಷತಾ ದರ್ಜೆಯದೇ ಆಗಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ.

ಬದಲಾಯಿಸಿದ ಮೇಲೆ ಆನ್ ಮಾಡಿದಾಗ ಎರಡು ಸ್ವರದ ಬೀಪ್ ಬಂದರೆ ಯಂತ್ರಕ್ಕೆ ಜೀವವಿದೆ. ಒಂದೇ ಸಮ ಕೂಗಿದರೆ ಆಫ್ ಮಾಡಿ, ಸಾಕೆಟ್ಟಿನ ಚಿಪ್‌ಗಳನ್ನು ಎತ್ತಿ ಮತ್ತೆ ಕೂರಿಸಿ ನೋಡಿ.

ಯಂತ್ರ ಓಡಿ, ಅದು ಮಾಡೆಲ್ ಬಿ ಆಗಿದ್ದರೆ ಅಡಿಯಲ್ಲಿ ಹೊರಗಿನ ಸಾಧನ ಜೋಡಿಸುವ ಯೂಸರ್ ಪೋರ್ಟ್ ಇದೆ, 8 ಡೇಟಾ ತಂತಿಗಳದ್ದು. ನಡುವೆ ಡ್ರೈವರ್ ಚಿಪ್ ಇಟ್ಟು ಪುಟ್ಟ ಮೋಟಾರು ಜೋಡಿಸಿದರೆ, ಬೇಸಿಕ್ ಭಾಷೆಯ ನಾಲ್ಕೇ ಸಾಲಿನಲ್ಲಿ ನಿಮ್ಮೂರಿನ ಅರಗಿನ ಬಣ್ಣದ ಬುಗುರಿಯನ್ನು ಮಕ್ಕಳೇ ತಿರುಗಿಸಬಹುದು. ಖಂಡಿತ ಮಾಡಿಸಿ.