ಸತ್ತ ಕುರಿಗೂ ಸಾಕ್ಷಿ ಬೇಕು!

ಏಪ್ರಿಲ್-ಮೇ ತಿಂಗಳಲ್ಲಿ ನಾಲ್ಕು ಹನಿ ಬಿದ್ದರೆ ಪೇಟೆಯವರಿಗೆ ತಂಪು. ಕೊಪ್ಪಳ, ಬಾಗಲಕೋಟೆ ಸೀಮೆಯ ಕುರಿಗಾರನಿಗೆ ಮಾತ್ರ ಎದೆ ಢವಢವ. ಗುಡುಗಿದ ಕೂಡಲೇ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ, ಇಲ್ಲವೇ ಮರದ ಬುಡ ಸೇರುತ್ತವೆ. ಒಂದೇ ಸಿಡಿಲು ಸಾಕು, ಹತ್ತಾರು ಕುರಿ ನಿಂತಲ್ಲೇ ನೆಲಕ್ಕೆ.

ಸರ್ಕಾರ ಪರಿಹಾರ ಕೊಡೋದಿಲ್ಲವೇ? ಕೊಡುತ್ತದೆ ಸ್ವಾಮಿ. ಎರಡು ಬಾಬಿನಲ್ಲಿ ಕೊಡುತ್ತದೆ. ಒಂದು, ವಿಪತ್ತು ಪರಿಹಾರ ನಿಧಿ. 2015ರ ನಿಯಮದಲ್ಲಿ ಕುರಿಯೊಂದಕ್ಕೆ 3,000 ರೂಪಾಯಿ, ಅದೂ ಮನೆಯೊಂದಕ್ಕೆ 30 ಕುರಿಯ ಮಟ್ಟಿಗೆ. 31ನೆಯದು ಸತ್ತರೆ ಅದು ಕುರಿಗಾರನ ಹಣೆಬರಹ. 2022ರಲ್ಲಿ ಈ ದರ 4,000 ಆಯಿತು. ಇನ್ನೊಂದು, ರಾಜ್ಯ ಸರ್ಕಾರದ 'ಅನುಗ್ರಹ'. ನಡುವೆ ನಿಂತೇ ಹೋಗಿದ್ದ ಈ ಯೋಜನೆಗೆ 2023ರ ಜುಲೈ ಬಜೆಟ್ಟಿನಲ್ಲಿ ಸಿದ್ದರಾಮಯ್ಯನವರು ಮತ್ತೆ ಜೀವ ಕೊಟ್ಟರು. ಆಗ ಕುರಿ-ಮೇಕೆಗೆ 5,000, ಹಸು-ಎತ್ತಿಗೆ 10,000. 2025ರ ಬಜೆಟ್ಟಿನಲ್ಲಿ ಅದು 7,500 ಮತ್ತು 15,000ಕ್ಕೆ ಏರಿತು. 3ರಿಂದ 6 ತಿಂಗಳ ಮರಿಗೆ 5,000.

ಅಮೀನಗಡದ ಸಂತೆಗೆ ಹೋಗಿ ಬಲಿತ ಟಗರನ್ನು 7,500ಕ್ಕೆ ಕೇಳಿ ನೋಡಿ, ವ್ಯಾಪಾರಿ ಮುಖ ಆ ಕಡೆ ತಿರುಗಿಸುತ್ತಾನೆ. ಇರಲಿ, ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಉಂಟಲ್ಲ. ತೊಡಕಿರುವುದು ದುಡ್ಡಿನಲ್ಲಲ್ಲ, ಕಾಗದದಲ್ಲಿ.

2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂತು. ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಎಂದು ಸರ್ಕಾರ ಘೋಷಿಸಿತು. ದನ ಸಾಯುವುದು ಕೊಟ್ಟಿಗೆಯಲ್ಲಿ. ಊರೆಲ್ಲ ನೋಡಿರುತ್ತದೆ, ಡೇರಿಯವರಿಗೆ ಗೊತ್ತಿರುತ್ತದೆ, ದನದ ಡಾಕ್ಟರಿಗೆ ಮನೆಯ ದಾರಿಯೂ ಗೊತ್ತು. ಕುರಿಗೆ ಎಲ್ಲಿಯ ಕೊಟ್ಟಿಗೆ? ಅಲೆಮಾರಿ ಕುರಿಗಾರ ಹೆಂಡತಿ-ಮಕ್ಕಳು, ಕುದುರೆ, ನಾಯಿ ಕಟ್ಟಿಕೊಂಡು ತಿಂಗಳುಗಟ್ಟಲೆ ಮೇವಿನ ಹಿಂದೆ ಹೋಗುವವನು. ಇವತ್ತು ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಿದ, ಕಾಳೋ ಕಾಸೋ ಇಸಗೊಂಡ, ನಾಡಿದ್ದು ಇನ್ನೊಂದು ಊರು. ಕುರಿ ಸತ್ತ ಊರು ಒಂದು, ರೇಷನ್ ಕಾರ್ಡಿನ ಊರು ಇನ್ನೊಂದು, ಬ್ಯಾಂಕಿನ ಪಾಸ್‌ಬುಕ್ಕು ಮತ್ತೆಲ್ಲೋ.

ಪರಿಹಾರ ಬೇಕೆಂದರೆ ಸರ್ಕಾರಿ ಡಾಕ್ಟರು ಬಂದು ಹೆಣ ಕುಯ್ದು ನೋಡಬೇಕು, ವರದಿ ಬರೆಯಬೇಕು, ಫೋಟೋ ಆಗಬೇಕು. ಸುಳ್ಳು ಲೆಕ್ಕ ಬರೆಸುವವರೂ ಇದ್ದಾರಲ್ಲ, ನಿಯಮ ತಪ್ಪೆನ್ನುವಂತಿಲ್ಲ. ಆದರೆ ಸಿಡಿಲು ಹೊಡೆಯೋದು ಕಚೇರಿ ವೇಳೆಯಲ್ಲೇ ಅಂತ ಯಾರು ಹೇಳಿದರು? ಒಬ್ಬ ಡಾಕ್ಟರಿಗೆ ಹತ್ತಾರು ಹಳ್ಳಿ. ಶನಿವಾರ ಸಂಜೆ ಸತ್ತ ಕುರಿ ಸೋಮವಾರದ ತನಕ ಆ ಬಿಸಿಲಲ್ಲಿ ಉಳಿದೀತೇ? ಹೊಲದ ಯಜಮಾನ "ವಾಸನಿ ಹೊಡೀತೈತಿ, ಎತ್ರೀ ಇಲ್ಲಿಂದ" ಅನ್ನದೆ ಬಿಟ್ಟಾನೇ? ಸತ್ತ ಹತ್ತನ್ನು ಕಾಯುತ್ತ ಕೂತರೆ ಬದುಕಿದ ನೂರಕ್ಕೆ ಮೇವು, ನೀರು ತೋರಿಸುವವರು ಯಾರು?

2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳು 1.11 ಕೋಟಿ. ದೇಶಕ್ಕೇ ಮೂರನೇ ಸ್ಥಾನ. ಇವುಗಳನ್ನು ನಂಬಿಕೊಂಡೇ ಸಂತೆ ಕೂಡುತ್ತದೆ, ಕಿರಾಣಿ ಅಂಗಡಿಯವರು ಕುರಿಗಾರನಿಗೆ ಉದ್ರಿ ಬರೆಯುತ್ತಾರೆ. ಹತ್ತು ಕುರಿಗೆ 75,000 ರೂಪಾಯಿ. ಅದು ಬಂದರೆ ಉದ್ರಿ ಚುಕ್ತಾ, ಮತ್ತೆ ನಾಲ್ಕು ಮರಿ. ಬಾರದಿದ್ದರೆ ಉಳಿದ ಮಂದೆಯಿಂದಲೇ ಒಂದಷ್ಟು ಮಾರಬೇಕು.

ಹಾಗಾಗಿ ನಡೆಯೋದು ಇಷ್ಟು. ಹೆಂಡತಿ ಹೆಣದ ಮುಂದೆ ಕೋಲು ಹಿಡಿದು ಕೂರುತ್ತಾಳೆ, ನಾಯಿ-ಹದ್ದು ಬರದಂತೆ. ಮಗ ಮಂದೆ ಹೊಡಕೊಂಡು ಹೋಗುತ್ತಾನೆ. ಕುರಿಗಾರ ಗೊತ್ತಿಲ್ಲದ ಊರಲ್ಲಿ ಪಶು ಆಸ್ಪತ್ರೆ ಎಲ್ಲಿ ಎಂದು ಕೇಳುತ್ತ ಹೊರಡುತ್ತಾನೆ. ಬಾಗಿಲಿಗೆ ಬೀಗ ಕಂಡರೆ ವಾಪಸು ಬಂದು, ಗುದ್ದಲಿ ಇಸಗೊಂಡು ಹೊಲದ ಬದುವಿನಲ್ಲಿ ಗುಂಡಿ ತೋಡುತ್ತಾನೆ.