ಪುಸ್ತಕದ ಜರ್ಮನ್ ಕಲಿತು ಸ್ವಿಟ್ಜರ್ಲೆಂಡಿಗೆ ಬಂದರೆ...

ಆರು ತಿಂಗಳು, ವಾರಕ್ಕೆರಡು ಸಂಜೆ ಜರ್ಮನ್ ಕ್ಲಾಸಿಗೆ ಹೋಗಿದ್ದೀರಿ. ಡೆರ್, ಡೀ, ಡಾಸ್ ಎಲ್ಲ ಬಾಯಿಪಾಠ. ಪರೀಕ್ಷೆ ಪಾಸಾದ ಸರ್ಟಿಫಿಕೇಟೂ ಕೈಗೆ ಬಂದಿದೆ. ಧೈರ್ಯ ಮಾಡಿ ಬೇಕರಿಗೆ ಹೋಗಿ, ದಾರಿಯುದ್ದಕ್ಕೂ ಉರುಹೊಡೆದ ವಾಕ್ಯ ಹೇಳಿ ಒಂದು ಬ್ರೆಡ್ ಕೇಳುತ್ತೀರಿ. ಕೌಂಟರಿನಲ್ಲಿದ್ದಾಕೆ ನಗುತ್ತಾ ‘ಸುಷ್ಟ್ ನೋ ಒಪ್ಪಿಸ್?’ ಅನ್ನುತ್ತಾರೆ. ನಮ್ಮ ಕಿವಿಗೆ ಯಾರಿಗೋ ಏನನ್ನೋ ‘ಒಪ್ಪಿಸು’ ಅಂದ ಹಾಗೆ ಕೇಳಿಸುತ್ತೆ! ಪುಸ್ತಕದಲ್ಲಿ ನೀವು ಕಲಿತದ್ದು ‘ಝೋನ್ಸ್ಟ್ ನೋಖ್ ಎಟ್‌ವಾಸ್?’. ಎರಡರ ಅರ್ಥವೂ ಒಂದೇ: ಇನ್ನೇನಾದರೂ ಬೇಕಾ?

ಚಳಿಗೆ, ಬೆಲೆಗೆ ನಮ್ಮವರು ಊರಿಂದಲೇ ತಯಾರಾಗಿ ಬಂದಿರುತ್ತಾರೆ. ಸ್ವೆಟರ್ ಇರುತ್ತೆ, ಒಂದು ಫ್ರಾಂಕಿಗೆ ಎಷ್ಟು ರೂಪಾಯಿ ಅನ್ನೋ ಲೆಕ್ಕ ತಲೆಯಲ್ಲಿರುತ್ತೆ. ಈ ಭಾಷೆಯ ವಿಷಯ ಮಾತ್ರ ಯಾರೂ ಮೊದಲೇ ಹೇಳಿರೋದಿಲ್ಲ. ಜ್ಯೂರಿಕ್ ಹತ್ತಿರದ ಸಣ್ಣ ಊರೊಂದರಲ್ಲಿ ನಾವಿದ್ದು ಒಂಬತ್ತು ವರ್ಷವಾಯಿತು. ಹೊಸದಾಗಿ ಬಂದ ಕನ್ನಡದ ಮನೆಗಳಿಗೆ ಊಟಕ್ಕೆ ಹೋದಾಗೆಲ್ಲ ಮಾತು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತೆ: ‘ಕ್ಲಾಸಲ್ಲಿ ಎಲ್ಲ ಅರ್ಥ ಆಗುತ್ತೆ, ಹೊರಗೆ ಬಂದ್ರೆ ಒಂದಕ್ಷರ ತಿಳಿಯಲ್ಲ.’

ಈ ದೇಶಕ್ಕೆ ಜರ್ಮನ್, ಫ್ರೆಂಚ್, ಇಟಾಲಿಯನ್, ರೋಮಾನ್ಶ್ ಎಂಬ ನಾಲ್ಕು ರಾಷ್ಟ್ರಭಾಷೆಗಳು. ರೋಮಾನ್ಶ್‌ಗೆ 1938ರಲ್ಲಿ ಜನ ಮತ ಹಾಕಿ ಆ ಸ್ಥಾನ ಕೊಟ್ಟರು. ಜಿನೀವಾ, ಲೊಸಾನ್ ಕಡೆ ಹೋದವರಿಗೆ ನಾನು ಹೇಳುವ ಕಷ್ಟ ಅಷ್ಟಾಗಿ ಇಲ್ಲ. ಅಲ್ಲಿನ ಫ್ರೆಂಚ್ ಪುಸ್ತಕಕ್ಕೆ ಹತ್ತಿರವೇ. ಎಪ್ಪತ್ತಕ್ಕೆ ‘ಅರವತ್ತು-ಹತ್ತು’ ಅನ್ನುವ ಪ್ಯಾರಿಸ್ಸಿನ ಸರ್ಕಸ್ಸೂ ಅಲ್ಲಿಲ್ಲ, ನಮ್ಮ ಹಾಗೆ ನೇರವಾಗಿ ಎಪ್ಪತ್ತು, ಅಂದರೆ ‘ಸೆಪ್ಟಾಂಟ್’. ಆದರೆ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಜರ್ಮನ್ ಭಾಗದಲ್ಲಿ. ಅಲ್ಲಿ ಬರೆಯುವುದು ಒಂದು ಜರ್ಮನ್, ಆಡುವುದು ಇನ್ನೊಂದು. ಆಡುವುದಕ್ಕೆ ‘ಮುಂಡಾರ್ಟ್’ ಅಂತ ಹೆಸರು. ಬರೆಯುವ ಹೋಖ್‌ಡಾಯ್ಚ್‌ಗೆ ಇಲ್ಲಿನವರು ಇಟ್ಟುಕೊಂಡ ಹೆಸರು ‘ಶ್ರಿಫ್ಟ್‌ಡಾಯ್ಚ್’. ನಮ್ಮಲ್ಲಿ ಗ್ರಾಂಥಿಕ ಅನ್ನುತ್ತೇವಲ್ಲ, ಹಾಗೆ.

ಕನ್ನಡಿಗರಿಗೆ ಇದು ಅರ್ಥವಾಗದ ವಿಷಯವೇನಲ್ಲ. ‘ನಾನು ಮನೆಗೆ ಹೋಗುತ್ತಿದ್ದೇನೆ’ ಅಂತ ಪುಸ್ತಕದಲ್ಲಿ ಕಲಿತವರು ಧಾರವಾಡದಲ್ಲಿ ‘ಮನಿಗೆ ಹೊಂಟೀನ್ರಿ’, ಮಂಡ್ಯದಲ್ಲಿ ‘ಮನೆಗೋಯ್ತಾವ್ನಿ’ ಕೇಳಿದರೆ ಅವರಿಗೂ ಹೀಗೇ ಆಗುತ್ತೆ. ಜ್ಯೂರಿಕ್‌ನ ಮಾತು ಒಂದು ಥರ, ಬರ್ನ್‌ನದು ಇನ್ನೊಂದು, ಬಾಸೆಲ್‌ನದು ಮತ್ತೊಂದು. ನಮಸ್ಕಾರವೇ ಬೇರೆ. ಜ್ಯೂರಿಕ್‌ನಲ್ಲಿ ‘ಗ್ರೂಎತ್ಸಿ’, ಬರ್ನ್‌ನಲ್ಲಿ ‘ಗ್ರೂಎಸ್ಸೆಖ್’. ವಾಲಿಸ್ ಕಣಿವೆಯವರ ಮಾತು ಜ್ಯೂರಿಕ್‌ನವರಿಗೇ ಸರಿಯಾಗಿ ತಿಳಿಯೋದಿಲ್ಲ ಅನ್ನೋದು ಇಲ್ಲಿನ ಹಳೇ ತಮಾಷೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮಲ್ಲಿ ಊರ ಮಾತಿಗೆ ಸ್ವಲ್ಪ ಸಂಕೋಚ ಅಂಟಿಕೊಂಡಿದೆ. ಕಾಲೇಜಿಗೆ ಹೋದ ಮಗ ‘ಹೋಯ್ತಾವ್ನಿ’ ಬಿಟ್ಟು ‘ಹೋಗ್ತಾ ಇದೀನಿ’ ಶುರುಮಾಡುತ್ತಾನೆ. ಇಲ್ಲಿ ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ಪ್ರೊಫೆಸರು, ಪೈಪ್ ರಿಪೇರಿಗೆ ಬಂದವರು ಎಲ್ಲರೂ ಆಡುವುದು ಮುಂಡಾರ್ಟನ್ನೇ. ಅದು ಹಳ್ಳಿಯ ಮಾತೂ ಅಲ್ಲ, ಬಡವರ ಮಾತೂ ಅಲ್ಲ. ಶಾಲೆಯ ಪಾಠ, ಟೀವಿ ವಾರ್ತೆ, ಸಂಸತ್ತಿನ ಭಾಷಣಗಳಿಗೆ ಹೋಖ್‌ಡಾಯ್ಚ್. ಉಳಿದ ಬದುಕೆಲ್ಲ ಮುಂಡಾರ್ಟ್. ಹಾಗಾಗಿ ‘ಓದಿದವರ ಜತೆ ಹೇಗೋ ನಿಭಾಯಿಸ್ತೀನಿ’ ಅನ್ನುವ ಲೆಕ್ಕ ಇಲ್ಲಿ ನಡೆಯೋದಿಲ್ಲ.

‘ಇಂಗ್ಲಿಷ್ ಸಾಕಲ್ವಾ?’ ಅಂತ ಕೇಳಬಹುದು. ಸಾಕು. ಅದೇ ತೊಂದರೆ. ಬಾಸೆಲ್‌ನ ಔಷಧಿ ಕಂಪನಿಗಳಲ್ಲಿ, ಜ್ಯೂರಿಕ್‌ನ ಐಟಿ ಆಫೀಸುಗಳಲ್ಲಿ ಹತ್ತು ವರ್ಷ ಇಂಗ್ಲಿಷಿನಲ್ಲೇ ಕಳೆದವರಿದ್ದಾರೆ. ಆಫೀಸಿಗೆ ಹೋಗುವವರಿಗೆ ದಿನ ಸಾಗುತ್ತೆ. ಅವರ ಜತೆ ಬಂದು ಮನೆಯಲ್ಲಿ ಉಳಿದವರ ಕಥೆ ಬೇರೆ. ಮಗುವಿನ ಡಾಕ್ಟರ ಹತ್ತಿರ, ಪಂಚಾಯ್ತಿ ಕಚೇರಿಯಲ್ಲಿ, ಆಟದ ಮೈದಾನದ ಬೆಂಚಿನ ಮೇಲೆ, ಎಲ್ಲ ಕಡೆ ಗಂಡನ ಬಾಯಿಗೇ ಕಾಯಬೇಕು. ಊರಲ್ಲಿ ಮೂವತ್ತು ಮಕ್ಕಳ ಕ್ಲಾಸನ್ನು ಒಬ್ಬರೇ ಸಂಭಾಳಿಸಿದ ಟೀಚರುಗಳು ಇಲ್ಲಿ ಬಂದು ಒಂದು ಫೋನ್ ಕರೆಗೆ ಹೆದರುವುದನ್ನು ನೋಡಿದ್ದೇನೆ.

ಇದರ ನಿಜವಾದ ಪರೀಕ್ಷೆ ನಡೆಯೋದು ‘ಎಲ್ಟರ್ನ್‌ಆಬೆಂಡ್’ ದಿನ, ಅಂದರೆ ಶಾಲೆಯಲ್ಲಿ ಅಪ್ಪ ಅಮ್ಮಂದಿರ ಸಂಜೆ ಸಭೆ. ಪುಟಾಣಿ ಕುರ್ಚಿಗಳ ಮೇಲೆ ಮೊಣಕಾಲು ಮಡಚಿ ಎಲ್ಲರೂ ಕೂತಿರುತ್ತಾರೆ. ಟೀಚರ್ ಶುರುವಿನಲ್ಲೇ ಕೇಳುತ್ತಾರೆ: ‘ಎಲ್ಲರಿಗೂ ಮುಂಡಾರ್ಟ್ ಆಗುತ್ತಾ, ಹೋಖ್‌ಡಾಯ್ಚ್‌ನಲ್ಲಿ ಮಾತಾಡಲಾ?’ ಒಂದು ಕೈ ಎದ್ದರೂ ಸಾಕು, ಸಭೆ ಪೂರ್ತಿ ಹೋಖ್‌ಡಾಯ್ಚ್‌ಗೆ ತಿರುಗುತ್ತೆ. ಯಾರೂ ಗೊಣಗುವುದಿಲ್ಲ. ಸಭೆ ಮುಗಿದ ಮೇಲೆ ಜ್ಯೂಸು, ಬಿಸ್ಕತ್ತು. ಜನ ಗುಂಪುಗುಂಪಾಗಿ ನಿಂತು ಹರಟುತ್ತಾರೆ. ನೀವು ಹೋಗಿ ಸೇರಿಕೊಂಡರೆ ಮರ್ಯಾದೆಗೆ ಹೋಖ್‌ಡಾಯ್ಚ್‌ಗೆ ಬದಲಾಗುತ್ತಾರೆ. ಅಲ್ಲಿಗೆ ನಗು ಕಮ್ಮಿಯಾಗುತ್ತೆ, ವಾಕ್ಯ ಉದ್ದವಾಗುತ್ತೆ, ಐದು ನಿಮಿಷದಲ್ಲಿ ಒಬ್ಬೊಬ್ಬರೇ ‘ನಾಳೆ ಬೇಗ ಏಳಬೇಕು’ ಅನ್ನುತ್ತಾ ಕೋಟು ಹಾಕಿಕೊಳ್ಳುತ್ತಾರೆ.

ನಮ್ಮವರು ಇದನ್ನು ‘ನಮ್ಮನ್ನ ಹತ್ತಿರ ಸೇರಿಸಲ್ಲ’ ಅಂತ ಓದಿಕೊಳ್ಳುತ್ತಾರೆ. ಕೆಲವು ಸಲ ಅದೂ ನಿಜ ಇರಬಹುದು. ಹೆಚ್ಚಿನ ಸಲ ಕಾರಣ ಇದಲ್ಲ. ಅವರಿಗೆ ಹೋಖ್‌ಡಾಯ್ಚ್ ಅಂದರೆ ಶಾಲೆ, ಡಿಕ್ಟೇಶನ್, ಕೆಂಪು ಪೆನ್ನು. ನಮ್ಮ ಓರಗಿತ್ತಿ ಬಂದು ‘ನಿನ್ನೆಯ ದಿನ ಅತ್ತೆಯವರು ನನಗೆ ಏನೆಂದರು ಎಂಬುದನ್ನು ನೀನು ಬಲ್ಲೆಯಾ?’ ಅಂತ ಶುರುಮಾಡಿದರೆ ಹರಟೆ ಎಷ್ಟು ಹೊತ್ತು ನಡೆದೀತು ಹೇಳಿ.

ಹಾಗಾದರೆ ಮುಂಡಾರ್ಟ್ ಮಾತಾಡಲು ಕಲಿಯಬೇಕಾ? ನನ್ನ ಪ್ರಕಾರ ಬೇಡ, ಕನಿಷ್ಠ ಆತುರ ಬೇಡ. ಬೇಕಾದದ್ದು ಕಿವಿ. ‘ನೀವು ಮುಂಡಾರ್ಟ್‌ನಲ್ಲೇ ಮಾತಾಡಿ, ನನಗೆ ಅರ್ಥ ಆಗುತ್ತೆ’ ಅಂತ ಹೇಳಿ, ನಿಮ್ಮ ಉತ್ತರವನ್ನು ಹೋಖ್‌ಡಾಯ್ಚ್‌ನಲ್ಲೇ ಕೊಡಿ. ಈ ಒಂದು ವಾಕ್ಯ ಹೇಳಿದ ದಿನದಿಂದ ನನಗೆ ಸಿಕ್ಕ ಮಾತುಕತೆಯೇ ಬೇರೆ. ಎದುರಿನವರ ಭುಜ ಸಡಿಲವಾಗುವುದು ಕಣ್ಣಿಗೇ ಕಾಣುತ್ತೆ. ಅವರೊಂದು ಭಾಷೆ, ನಾವೊಂದು ಭಾಷೆ ಅಂತ ಮಾತಾಡೋದು ವಿಚಿತ್ರ ಅನಿಸಬಹುದು. ಕರಾವಳಿಯ ಮನೆಗಳಲ್ಲಿ ಅಜ್ಜಿ ತುಳುವಿನಲ್ಲಿ ಕೇಳಿ ಮೊಮ್ಮಗಳು ಕನ್ನಡದಲ್ಲಿ ಉತ್ತರ ಕೊಡೋದಿಲ್ಲವೇ?

ಕರಾವಳಿ ಅಂದಾಗ ನೆನಪಾಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದಾಗ ಅವರಿಗೂ ಇದೇ ಪಾಡು. ಬೀದಿಯಲ್ಲಿ ತುಳು, ಪೇಟೆಯಲ್ಲಿ ಕೊಂಕಣಿ, ಬರಹಕ್ಕೆ ಕನ್ನಡ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್, 1894ರಲ್ಲಿ ನಿಘಂಟು ಮುಗಿಸಿದ ಫರ್ಡಿನಾಂಡ್ ಕಿಟೆಲ್ ಇಬ್ಬರೂ ಹುಟ್ಟಿನಿಂದ ಜರ್ಮನರು, ತರಬೇತಿ ಪಡೆದದ್ದು ಬಾಸೆಲ್‌ನಲ್ಲಿ. ನಾವು ಈ ಕಡೆ ಬರುವ ಎಷ್ಟೋ ಮೊದಲು ಅವರು ಆ ಕಡೆ ಬಂದು ಕಿವಿ ಪಳಗಿಸಿಕೊಂಡವರು.

ಕಿವಿ ಪಳಗಿಸಲು ಕ್ಲಾಸಿಗಿಂತ ಟೀವಿಯ ಹವಾಮಾನ ವರದಿ ಒಳ್ಳೆಯದು. ಸ್ವಿಸ್ ಟೀವಿಯಲ್ಲಿ ವಾರ್ತೆ ಹೋಖ್‌ಡಾಯ್ಚ್‌ನಲ್ಲಿ, ಅದರ ಬೆನ್ನಿಗೇ ಬರುವ ಹವಾಮಾನ ಮುಂಡಾರ್ಟ್‌ನಲ್ಲಿ. ದಿನಾ ಅದೇ ಮಳೆ, ಅದೇ ಮಂಜು, ಅದೇ ಬಿಸಿಲು. ಪದಗಳೂ ಅವೇ, ಪಕ್ಕದಲ್ಲಿ ನಕ್ಷೆ ಬೇರೆ. ಒಂದು ಚಳಿಗಾಲ ಪೂರ್ತಿ ನೋಡಿದರೆ ಅರ್ಧ ಭಾಷೆ ಕಿವಿಗೆ ಬಿದ್ದ ಹಾಗೆ. ಬರ್ನ್‌ನ ಮಾನಿ ಮಾಟರ್ ಹಾಡುಗಳೂ ಒಳ್ಳೆಯವು. ಆತ ತೀರಿಕೊಂಡದ್ದು 1972ರಲ್ಲಿ, ಇವತ್ತಿಗೂ ಮಕ್ಕಳು ಹಾಡುತ್ತಾರೆ. ಇನ್ನೊಂದು ಸಮಾಧಾನ: ‘ಹೋದೆ, ಬಂದೆ’ ಅಂತ ಕ್ಲಾಸಿನಲ್ಲಿ ಉರುಹೊಡೆದ ಸರಳ ಭೂತಕಾಲದ ರೂಪಗಳು ಮುಂಡಾರ್ಟ್‌ನಲ್ಲಿ ಇಲ್ಲವೇ ಇಲ್ಲ. ಎಲ್ಲ ‘ಹೋಗಿದ್ದೇನೆ, ಬಂದಿದ್ದೇನೆ’ ಧಾಟಿಯಲ್ಲೇ ನಡೆಯುತ್ತೆ.

ಬಿಲ್ಡಿಂಗಿನ ವಾಟ್ಸಾಪ್ ಗುಂಪು ಇನ್ನೊಂದು ಪಾಠಶಾಲೆ. ಮುಂಡಾರ್ಟ್‌ಗೆ ಒಪ್ಪಿತ ಕಾಗುಣಿತ ಇಲ್ಲ, ಕೇಳಿದ ಹಾಗೆ ಬರೆಯುತ್ತಾರೆ. ಅನುವಾದದ ಆ್ಯಪ್ ತಡವರಿಸುತ್ತೆ. ಆದರೆ ಜೋರಾಗಿ ಓದಿ ನೋಡಿ, ಅರ್ಥ ತಾನಾಗಿ ಹೊರಬೀಳುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮೆಸೇಜ್ ಮಾಡುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹಾಂ, ಯಾರಾದರೂ ನಿಮ್ಮಿಂದ ‘ಖುಖಿಖೇಷ್ಟ್ಲಿ’ ಅಂತ ಹೇಳಿಸಿಯೇ ಹೇಳಿಸುತ್ತಾರೆ. ಅಡುಗೆಮನೆ ಕಪಾಟು ಅಂತ ಅರ್ಥ. ಆ ‘ಖ’ ನಮ್ಮ ಖ ಅಲ್ಲ, ಗಂಟಲು ಸರಿಮಾಡಿಕೊಂಡ ಹಾಗೆ. ಎಲ್ಲರೂ ನಗಲಿ, ನೀವೂ ನಕ್ಕುಬಿಡಿ.

ಭಾಷೆಯ ಜತೆಗೇ ಬರುವ ಕೆಲವು ನಡವಳಿಕೆಗಳಿವೆ. ಮುಖ್ಯವಾದದ್ದು ಹೊಸ ಮನೆಗೆ ಹೋದಾಗ. ನಮ್ಮಲ್ಲಿ ಹೊಸಬರು ಬಂದರೆ ಅಕ್ಕಪಕ್ಕದವರು ಕಾಫಿ ಹಿಡಿದು ತಾವೇ ಬರುತ್ತಾರೆ. ಇಲ್ಲಿ ಹೊಸಬರೇ ಬಾಗಿಲು ತಟ್ಟಿ ಹೆಸರು ಹೇಳಿಕೊಳ್ಳಬೇಕು. ಅವರು ಬರಲಿ ಅಂತ ನೀವು ಕಾದರೆ, ನೀವು ಬರಲಿ ಅಂತ ಅವರು ಕಾಯುತ್ತಿರುತ್ತಾರೆ. ಹೀಗೆ ವರ್ಷಗಟ್ಟಲೆ ಮೆಟ್ಟಿಲ ಮೇಲೆ ಬರೀ ‘ಗ್ರೂಎತ್ಸಿ’ಯಲ್ಲೇ ಉಳಿದ ಮನೆಗಳಿವೆ. ‘ಅಪೆರೋ’ಗೆ ಕರೆದರೆ ಊಟ ಅಂದುಕೊಂಡು ಹಸಿದು ಹೋಗಬೇಡಿ. ವೈನು, ಚೀಸು, ಉಪ್ಪು ಬಿಸ್ಕತ್ತು, ನಿಂತುಕೊಂಡೇ ಮಾತು. ಐದರಿಂದ ಏಳು ಅಂದರೆ ಏಳಕ್ಕೆ ಹೊರಡಬೇಕು. ಲೋಟ ತಾಗಿಸುವಾಗ ಒಬ್ಬೊಬ್ಬರ ಕಣ್ಣು ನೋಡಿ, ಆದರೆ ಹೆಸರು ಹಿಡಿದು. ನಿಮ್ಮ ಲೋಟದಲ್ಲಿ ಜ್ಯೂಸಿದ್ದರೂ ಪರವಾಗಿಲ್ಲ.

ನೀನು-ನೀವು ವ್ಯತ್ಯಾಸ ಅವರಲ್ಲೂ ಇದೆ, ‘ಡು’ ಮತ್ತು ‘ಝೀ’. ಆದರೆ ನಮ್ಮಲ್ಲಿ ಹಿರಿಯರು ನಮ್ಮನ್ನು ‘ನೀನು’ ಅಂದರೂ ನಾವು ‘ನೀವು’ ಅನ್ನುತ್ತೇವಲ್ಲ, ಇಲ್ಲಿ ಹಾಗಿಲ್ಲ. ಹಿರಿಯರು ‘ಡು’ ಅನ್ನೋಣ ಅಂತ ಮುಂದಾಗಿ ಹೇಳುತ್ತಾರೆ, ಆಮೇಲೆ ಇಬ್ಬರೂ ‘ಡು’. ಎಪ್ಪತ್ತೈದು ದಾಟಿದ ಕೆಳಮನೆಯ ಅಜ್ಜಿಯನ್ನು ‘ನೀನು’ ಅನ್ನೋದಕ್ಕೆ ನನ್ನ ನಾಲಿಗೆ ಈಗಲೂ ಒಂದು ಕ್ಷಣ ತಡೆಯುತ್ತೆ.

ಇನ್ನು ಬಟ್ಟೆ ಒಗೆಯುವ ಕೋಣೆ. ಹಳೇ ಬಿಲ್ಡಿಂಗುಗಳಲ್ಲಿ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೇ ವಾಷಿಂಗ್ ಮೆಷಿನ್, ಪ್ರತಿ ಮನೆಗೂ ಒಂದು ಸರದಿ. ನಿಮ್ಮ ಸರದಿ ಮುಗಿದ ಮೇಲೆ ಫಿಲ್ಟರಿನ ನೂಲು ತೆಗೆದು, ನೆಲ ಒರೆಸಿ, ಕೀಲಿ ಮುಂದಿನವರಿಗೆ. ಲೇಖಕ ಹ್ಯೂಗೋ ಲೋಟ್ಷರ್ ಈ ಕೀಲಿಯ ಹೆಸರಲ್ಲೇ 1983ರಲ್ಲಿ ಒಂದು ಪುಸ್ತಕ ತಂದರು ಅಂದರೆ ವಿಷಯದ ಗಾಂಭೀರ್ಯ ಗೊತ್ತಾಗುತ್ತೆ. ಭಾನುವಾರ ಸದ್ದು ಮಾಡುವ ಕೆಲಸ ಬೇಡ, ರಾತ್ರಿ ಹತ್ತರ ಮೇಲಂತೂ ಬೇಡವೇ ಬೇಡ. ಇಡ್ಲಿಗೆ ರುಬ್ಬುವುದನ್ನು ಶನಿವಾರ ಸಂಜೆಗೇ ಮುಗಿಸಿಬಿಡಿ.

ಪೌರತ್ವದ ಮಾತು ಆಮೇಲೆ ಬರುತ್ತೆ. 2018ರಿಂದ ಇರುವ ಕಾನೂನಿನಲ್ಲಿ ಸಾಮಾನ್ಯ ದಾರಿಯಲ್ಲಿ ಅರ್ಜಿ ಹಾಕಲು ಹತ್ತು ವರ್ಷದ ವಾಸ ಮತ್ತು ಸಿ ಪರ್ಮಿಟ್ ಬೇಕು. ಭಾಷೆಯಲ್ಲಿ ಮಾತಿಗೆ ಬಿ1, ಬರಹಕ್ಕೆ ಎ2. ಮಾತಿಗೇ ಹೆಚ್ಚು ತೂಕ, ಗಮನಿಸಿ. ಊರು, ಕ್ಯಾಂಟನ್, ದೇಶ ಮೂರೂ ಹೂಂ ಅನ್ನಬೇಕು. ಊರಿನವರು ಕರೆದು ಮಾತಾಡಿಸುವುದೂ ಉಂಟು. ಇದನ್ನೇ ಗೇಲಿ ಮಾಡಿದ ‘ಡೀ ಶ್ವೈಟ್ಸರ್‌ಮಾಖರ್’ ಅನ್ನುವ 1978ರ ಸಿನಿಮಾ ಸಿಕ್ಕರೆ ನೋಡಿ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಕೆಂಪು ಪಾಸ್‌ಪೋರ್ಟ್ ಬಂದರೆ ನಮ್ಮದನ್ನು ಬಿಡಬೇಕು. ನಮ್ಮ ಮನೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ.

ಮಕ್ಕಳಿಗೆ ಈ ಯಾವ ಪಾಡೂ ಇಲ್ಲ. ನಾಲ್ಕು ತುಂಬಿದ ಮೇಲೆ ಬಾಲವಾಡಿ. ಜ್ಯೂರಿಕ್ ಕ್ಯಾಂಟನ್‌ನಲ್ಲಿ 2011ರಲ್ಲಿ ಜನ ಮತ ಹಾಕಿ ಅಲ್ಲಿ ಮುಂಡಾರ್ಟನ್ನೇ ಆಡಬೇಕು ಅಂತ ನಿಶ್ಚಯಿಸಿದರು. ಮಿಂಚುವ ಪಟ್ಟಿ ಕೊರಳಿಗೆ ಹಾಕಿಕೊಂಡು ಪುಟಾಣಿಗಳು ತಾವೇ ನಡೆದು ಹೋಗುತ್ತವೆ. ಅಮ್ಮ ಹಿಂದೆ ಹಿಂದೆ ಹೋದರೆ ಟೀಚರ್ ಮೆಲ್ಲಗೆ ‘ಬಿಡಿ, ಬರ್ತಾನೆ’ ಅನ್ನುತ್ತಾರೆ. ಮಗನಿಗೆ ಜರ್ಮನ್ ಬೇಗ ಬರಲಿ ಅಂತ ಮನೆಯಲ್ಲೂ ನಮ್ಮ ಹರಕುಮುರಕು ಜರ್ಮನ್ನೇ ಆಡಲಾ ಅಂತ ನಾನು ಕೇಳಿದ್ದೆ. ಟೀಚರ್ ತಲೆಯಾಡಿಸಿದರು: ‘ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿ. ನಮ್ಮದು ಇಲ್ಲಿ ಬರುತ್ತೆ.’ ಎಷ್ಟೋ ಮನೆಗಳಲ್ಲಿ ಈ ಮಾತನ್ನು ನಂಬದೆ ಕನ್ನಡ ನಿಲ್ಲಿಸಿದ್ದಾರೆ. ಅಲ್ಲಿನ ಮಕ್ಕಳು ಈಗ ಊರಿಗೆ ಫೋನ್ ಮಾಡಿದರೆ ಅಜ್ಜಿಯ ಜತೆ ‘ಹಲೋ’ ಆದ ಮೇಲೆ ಮೊಬೈಲನ್ನು ಅಮ್ಮನ ಕೈಗೆ ಕೊಡುತ್ತಾರೆ.

ನಮ್ಮ ಮನೆಯಲ್ಲಿ ಕನ್ನಡ ಉಳಿದಿದೆ, ಸ್ವಲ್ಪ ಬಣ್ಣ ಬದಲಿಸಿಕೊಂಡು. ಬೆಳಗ್ಗೆ ಒಂಬತ್ತರ ತಿಂಡಿಗೆ ಇಲ್ಲಿ ‘ತ್ಸ್‌ನ್ಯೂನಿ’ ಅನ್ನುತ್ತಾರೆ. ಸೇಬು, ಕ್ಯಾರೆಟ್, ಬ್ರೆಡ್ ಸರಿ. ಚಿಪ್ಸು, ಸಿಹಿ ಬೇಡ. ಚಕ್ಕುಲಿ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಬಾಗಿಲ ಹತ್ತಿರ ದಿನಾ ಕೇಳಿಬರುವ ಮಾತು: ‘ತ್ಸ್‌ನ್ಯೂನಿ ಡಬ್ಬಿ ತಗೊಂಡ್ಯೇನೋ?’ ಮೆಟ್ಟಿಲಿಳಿಯುತ್ತಲೇ ಅವನ ಉತ್ತರ: ‘ಹೂಂ ಅಮ್ಮಾ, ಆದ್ರೆ ಖುಖಿಖೇಷ್ಟ್ಲಿ ಬಾಗ್ಲು ತೆಗ್ದೇ ಬಿಟ್ಟಿದೀನಿ, ಹಾಕ್ಕೋ.’