ಕಾರ್ಖಾನೆ ಊರಲ್ಲಿ, ನೌಕರಿ ಎಲ್ಲಿ?

ಸೇಡಂ ತಾಲ್ಲೂಕಿನ ಆಡಕಿಯಂಥ ಊರುಗಳ ತರುಣರಿಗೆ ಸಿಮೆಂಟ್ ಕಾರ್ಖಾನೆ ಹೊಸದೇನಲ್ಲ. ಸೇಡಂ, ಮಳಖೇಡ, ವಾಡಿ, ಎಲ್ಲಿ ಹೋದರೂ ಚಿಮಣಿ ಕಾಣುತ್ತದೆ. ಆದರೂ ಐ.ಟಿ.ಐ. ಮುಗಿಸಿದವರು, ಪದವೀಧರರು ಹೈದರಾಬಾದ್, ಪುಣೆ, ಮುಂಬೈ ಗಾಡಿ ಹತ್ತುತ್ತಾರೆ. ಉದ್ಯಮವಿದ್ದಲ್ಲಿ ಉದ್ಯೋಗವೇಕಿಲ್ಲ?

ಭೀಮಾ ಕೊಳ್ಳದ ಸುಣ್ಣಕಲ್ಲು ಈ ಸೀಮೆಯ ಆಸ್ತಿ. ಪದರು ಪದರಾಗಿ ಏಳುವ ಈ ಕಲ್ಲೇ ಹೆಸರಾಂತ ಶಹಾಬಾದ್ ಫರಸಿ. 1874ರಲ್ಲಿ ನಿಜಾಮರ ರೈಲುಮಾರ್ಗ ಸಿಕಂದರಾಬಾದಿನಿಂದ ಬಂದು ಕೂಡಿದ ಮೇಲೆ ವಾಡಿ ದೊಡ್ಡ ಜಂಕ್ಷನ್ ಆಯಿತು. ಕಲ್ಲು ಮತ್ತು ರೈಲು ಎರಡೂ ಇದ್ದಲ್ಲಿ ಸಿಮೆಂಟ್ ಬರುವುದು ಸಹಜ. ವಾಡಿಯ ಕಾರ್ಖಾನೆ 1968ರಲ್ಲಿ ಆರಂಭವಾಯಿತು. 1980ರ ದಶಕದಲ್ಲಿ ಮಳಖೇಡ, ಸೇಡಂಗಳ ಸರದಿ.

ಫರಸಿ ಗಣಿಯಲ್ಲಿ ಕಲ್ಲು ಎಬ್ಬಿಸಿ ಹೊರಲು ಅನೇಕ ಕೈಗಳು ಬೇಕು. ಸಿಮೆಂಟಿನ ರೀತಿ ಬೇರೆ. ಕಲ್ಲು ಪುಡಿ ಮಾಡುವುದರಿಂದ ಚೀಲ ತುಂಬುವವರೆಗೆ ಯಂತ್ರಗಳದೇ ಕಾರುಬಾರು. ಹಗಲಿರುಳು ಉರಿಯುವ ಕುಲುಮೆಯನ್ನು ನಿಯಂತ್ರಣ ಕೊಠಡಿಯಲ್ಲಿ ಕುಳಿತ ಕೆಲವೇ ಮಂದಿ ನಡೆಸುತ್ತಾರೆ. ಉತ್ಪಾದನೆ ಬೆಳೆದಷ್ಟು ನೌಕರಿ ಬೆಳೆಯುವುದಿಲ್ಲ. ಲೋಡಿಂಗ್, ಸ್ವಚ್ಛತೆಯಂಥ ಕೆಲಸಗಳು ಗುತ್ತಿಗೆಯಲ್ಲಿ ನಡೆಯುವುದೇ ಹೆಚ್ಚು. ಫರಸಿಗೆ ಟೈಲ್ಸ್ ಪೈಪೋಟಿ ಬಂದಿದೆ. ಹೊಲದ ಕಡೆ ನೋಡಿದರೆ ತೊಗರಿ ರಾಶಿ ಮುಗಿದ ಮೇಲೆ ಮುಂದಿನ ಮುಂಗಾರಿನವರೆಗೆ ಮಳೆ ನಂಬಿದ ಭೂಮಿಯಲ್ಲಿ ಕೂಲಿ ಕಡಿಮೆ.

'ನಮಗೆ 371(ಜೆ) ಇದೆಯಲ್ಲ' ಎಂದು ಓದುಗರು ಕೇಳಬಹುದು. ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿಯೂ ಸರ್ಕಾರಿ ನೌಕರಿಯಲ್ಲಿ ಸ್ಥಳೀಯರಿಗೆ ಆದ್ಯತೆ ಕೊಡುವ ಮುಲ್ಕಿ ನಿಯಮವಿತ್ತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ಆಧಾರದ ಮೇಲೆ ರಾಜ್ಯ ಸರ್ಕಾರ 2013ರಲ್ಲಿ ಆದೇಶ ಹೊರಡಿಸಿತು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ 'ಸಿ' ಗುಂಪಿನಲ್ಲಿ ಶೇಕಡಾ 80, 'ಡಿ' ಗುಂಪಿನಲ್ಲಿ ಶೇಕಡಾ 85 ಸ್ಥಳೀಯರಿಗೆ ಮೀಸಲು. ಕಾಲೇಜು ಸೀಟುಗಳಿಗೂ ಮೀಸಲಾತಿಯುಂಟು. ಆದರೆ ಹುದ್ದೆ ಖಾಲಿಯಿದ್ದರೆ ಸಾಲದು, ಅದನ್ನು ತುಂಬಲು ಅಧಿಸೂಚನೆ ಹೊರಡಬೇಕು. ಎರಡನೆಯದಾಗಿ, ಈ ಮೀಸಲಾತಿ ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಹೋಗುವುದಿಲ್ಲ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ರಾಜ್ಯ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತಾದರೂ ಉದ್ಯಮಿಗಳ ವಿರೋಧದಿಂದ ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. 1961ರ ಶಿಶಿಕ್ಷು ಕಾಯ್ದೆ ಕಾರ್ಖಾನೆಗಳಲ್ಲಿ ತರಬೇತಿಗೆ ದಾರಿ ಮಾಡಿದೆ. ಕುಲುಮೆ, ವಿದ್ಯುತ್, ಉಪಕರಣಗಳ ಕೆಲಸ ಬಲ್ಲವರಿಗೆ ಬೇಡಿಕೆಯಿದೆ. ಸ್ಥಳೀಯ ಐ.ಟಿ.ಐ.ಗಳ ಪಾಠ ಈ ಯಂತ್ರಗಳಿಗೆ ಹೊಂದಿಕೊಂಡರೆ, ಧೂಳು ಕುಡಿದ ಊರಿನ ಮಕ್ಕಳಿಗೆ ಗುತ್ತಿಗೆ ಕೂಲಿಗಿಂತ ಮೇಲಿನ ನೌಕರಿ ಕೇಳುವ ಬಲ ಬಂದೀತು.